ಎದುರಿನ ಚೀಲ

ನನ್ನ ಮೊಮ್ಮಗಳು ಡಾಕ್ಟರ್ ಆಗಿದ್ದಾಳೆ. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ, ಓದಿ ಓದಿ ಆಗುವ ಡಾಕ್ಟರ್. ಈ ಮಾತನ್ನು ಹಾಲಿನವನಿಗೆ ಹೇಳಿಯಾಯಿತು, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿಯಾಯಿತು, ನಮ್ಮ ಅಂಬತ್ತೂರಿನ ಬೀದಿಯ ಇಸ್ತ್ರಿಯವನಿಗೆ ಎರಡೆರಡು ಸಲ ಹೇಳಿ ಅವನ ಕೈಲಿ ಒಂದು ಅಂಗಿ ಸುಡಿಸಿಯೂ ಆಯಿತು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನನ್ನ ಮಗಳು ಶೋಭಾಳ ಮಗಳು ಇಷ್ಟು ಓದಿದಳೆಂದರೆ ನನ್ನ ಬಾಯಿ ಹೇಗೆ ಸುಮ್ಮನಿದ್ದೀತು, ನೀವೇ ಹೇಳಿ.

ಹೋದ ವಾರ ಮೇಘನಾ ನನ್ನನ್ನು ತನ್ನ ಕಾಲೇಜಿಗೆ ಕರೆದುಕೊಂಡು ಹೋದಳು. ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ನನ್ನ ಸಂತೋಷಕ್ಕೆ ಅಂದು ಮಾತ್ರ ಕನ್ನಡಕ್ಕೆ ಇಳಿದಳು. “ಅಜ್ಜಿ, ಇದು ನನ್ನ ಲ್ಯಾಬ್” ಎಂದು ಬಾಗಿಲು ತೆರೆದಳು. ಲ್ಯಾಬ್ ಅಂದರೆ ಸೀಸೆ, ಬುಡ್ಡಿ, ನೀಲಿ ಬೆಂಕಿ ಇರುತ್ತದೆ ಅಂದುಕೊಂಡಿದ್ದೆ. ಅಲ್ಲಿದ್ದದ್ದು ಸಾಲು ಮೇಜುಗಳು. ಒಂದು ಮೇಜಿನವರಿಗೆ ಇನ್ನೊಂದು ಮೇಜಿನವರು ಕಾಣದ ಹಾಗೆ ನಡುವೆ ಹಲಗೆ.

“ಇಲ್ಲಿ ಜನರನ್ನ ಕೂರಿಸಿ ಆಟ ಆಡಿಸ್ತೀವಿ ಅಜ್ಜಿ. ಹರಾಜು, ಪಂದ್ಯ, ಆ ಥರ. ಎದುರಿಗೆ ಯಾರಿದ್ದಾರೆ ಅಂತ ಗೊತ್ತಿಲ್ಲದೆ ಇದ್ದಾಗ ಎಷ್ಟು ಕೂಗ್ತಾರೆ, ಎಷ್ಟು ಕಳ್ಕೊಳ್ತಾರೆ ಅಂತ ನೋಡೋದು.”

ಮುಚ್ಚಿದ ಕೋಣೆಯ ಬಿಸಿ ವಾಸನೆ ಮೂಗಿಗೆ ಬಂತು. ಆ ಹಲಗೆಯ ಆಚೆ ಯಾರೋ ಇದ್ದಾರೆ ಅನ್ನಿಸಿ ಬಗ್ಗಿ ನೋಡಿದೆ. ಈ ಆಟ ನನಗೆ ಗೊತ್ತಿತ್ತು. ಮೇಘನಾ ಹುಟ್ಟುವುದಕ್ಕೆ ಎಷ್ಟೋ ಮೊದಲು, ಇದೇ ಮದರಾಸಿನ ಪೆರಂಬೂರಿನಲ್ಲಿ, ಒಂದು ಬೇಸಿಗೆಯಿಡೀ ನಾನು ಇದನ್ನು ಆಡಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮೆಜಮಾನರು ರುದ್ರಪ್ಪನವರು ರೈಲುಡಬ್ಬಿ ಕಾರ್ಖಾನೆಯಲ್ಲಿ ಬಣ್ಣದ ಕೆಲಸಕ್ಕಿದ್ದರು. ತಿಪಟೂರು ಕಡೆಯಿಂದ ಬಂದ ನಮಗೆ ಒಂದು ಕೋಣೆ, ಒಂದು ಅಡುಗೆಮೂಲೆ. ಶೋಭಾಗೆ ಐದು ತುಂಬಿತ್ತು. ನಮ್ಮತ್ತೆ ಊರಿನಿಂದ ಹೇಳಿ ಕಳಿಸಿದ್ದರು: ಮಗುವನ್ನು ನಮ್ಮ ಹತ್ತಿರ ಬಿಡಿ, ಇಲ್ಲೇ ಶಾಲೆಗೆ ಹಾಕುತ್ತೇವೆ, ಅಲ್ಲಿ ಇಕ್ಕಟ್ಟಿನಲ್ಲಿ ಯಾಕೆ ಬಾಡಬೇಕು. ಯಜಮಾನರಿಗೂ ಅದು ಸರಿ ಕಂಡಿತ್ತು.

“ಒಬ್ಬನ ಸಂಬಳದಲ್ಲಿ ಬಾಡಿಗೆ, ಶಾಲೆ ಎರಡೂ ಆಗಲ್ಲ ಗಿರಿಜಾ. ನಿನ್ನ ಕೈಯಲ್ಲೂ ಒಂದು ಕೆಲಸ ಇದ್ದಿದ್ರೆ ಬೇರೆ ಮಾತು” ಎಂದರು. ಬೇಸಿಗೆ ಮುಗಿಯುವಾಗ ಅತ್ತೆ ಬಂದು ಅವಳನ್ನು ಕರೆದುಕೊಂಡು ಹೋಗುವುದೆಂದು ಮಾತಾಯಿತು. ನಾನು ತಲೆಯಾಡಿಸಿದೆ.

ಆಗಲೇ ವಸಂತಾ ಬಂದದ್ದು. ಮದರಾಸಿನಲ್ಲೇ ಹುಟ್ಟಿದ ಕನ್ನಡದ ಹುಡುಗಿ. ತಂದೆ ಇನ್ಶೂರೆನ್ಸಿನಲ್ಲಿ, ಇವಳು ಕಾಲೇಜಿನಲ್ಲಿ ಏನೋ ಸಂಶೋಧನೆಗೆ. ನಮ್ಮ ಕಾಲನಿಯ ಶಾಲೆಗೆ ರಜ ಬಿಟ್ಟಿತ್ತು. ಅದರ ಒಂದು ಕ್ಲಾಸನ್ನು ಕೇಳಿ ಪಡೆದು, ಹೆಂಗಸರನ್ನೆಲ್ಲ ಸೇರಿಸಿ ಆಟ ಹೇಳಿಕೊಟ್ಟಳು.

ಆಟ ಸುಲಭವಾಗಿತ್ತು. ಪ್ರತಿ ಶನಿವಾರ ಪ್ರತಿಯೊಬ್ಬರಿಗೂ ಒಂದು ಪಡಿ ಹುಣಸೆ ಬೀಜ, ಒಂದು ಬಿಳಿ ಬಟ್ಟೆಯ ಚೀಲ. ಬೀಜ ಮನೆಗೆ ಒಯ್ದು, ಅದರಲ್ಲಿ ಎಷ್ಟು ಬೇಕೋ ಅಷ್ಟನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಮುಂದಿನ ಶನಿವಾರ ತರಬೇಕು. ತಕ್ಕಡಿಯ ಒಂದು ತಟ್ಟೆಯಲ್ಲಿ ನಮ್ಮ ಚೀಲ, ಇನ್ನೊಂದರಲ್ಲಿ ಎದುರಿನವರ ಚೀಲ. ಯಾರದು ಭಾರವೋ ಅವರಿಗೆ ಒಂದು ಹಿತ್ತಾಳೆ ಬಿಲ್ಲೆ. ಗೆದ್ದರೂ ಸೋತರೂ ಚೀಲಕ್ಕೆ ಹಾಕಿದ ಬೀಜ ವಾಪಸ್ಸಿಲ್ಲ. ಹಾಕದೆ ಮನೆಯಲ್ಲಿ ಉಳಿಸಿಕೊಂಡ ಬೀಜಕ್ಕೆ ಕೊನೆಯಲ್ಲಿ ತೂಕದ ಮೇಲೆ ಎವರ್‌ಸಿಲ್ವರ್, ಅಂದರೆ ಸ್ಟೀಲಿನ ಪಾತ್ರೆ. ಯಾರ ಹತ್ತಿರ ಬಿಲ್ಲೆ ಹೆಚ್ಚೋ ಅವರಿಗೆ ಹೊಲಿಗೆ ಮಿಷನ್ನು.

ಮಿಷನ್ನನ್ನು ಕ್ಲಾಸಿನ ಮೂಲೆಯಲ್ಲಿಟ್ಟು ಬೆಡ್‌ಶೀಟ್ ಹೊದಿಸಿದ್ದರು. ವಸಂತಾ ಅದನ್ನು ಸರಿಸಿ ತೋರಿಸಿದಾಗ ನನಗೆ ಕಂಡದ್ದು ಮಿಷನ್ನಲ್ಲ. ನೀಲಿ ಲಂಗ ಹಾಕಿ ಪೆರಂಬೂರಿನ ಶಾಲೆಗೆ ಹೋಗುವ ಶೋಭಾ.

“ನಮ್ಮೆದುರು ಆಡೋರು ಯಾರು?” ಎಂದು ಕೇಳಿದೆ.

“ಅದನ್ನ ಹೇಳೋ ಹಾಗಿಲ್ಲ ಗಿರಿಜಮ್ಮ. ಇದೇ ಕಾಲನಿಯ ಹೆಂಗಸರು ತುಂಬಿದ ಚೀಲ, ಅಷ್ಟೇ ತಿಳ್ಕೊಳ್ಳಿ” ಎಂದು ನಕ್ಕಳು.

ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ತೂಕದ ಮೊದಲ ಶನಿವಾರ ನಾನು ಹೋದಾಗ ನಡು ಮಧ್ಯಾಹ್ನ. ತಮಿಳರು ಕತ್ತಿರಿ ಎನ್ನುವ ಮೇ ತಿಂಗಳ ಉರಿಬಿಸಿಲು, ಹೊರಗೆ ಟಾರು ಚಪ್ಪಲಿಗೆ ಅಂಟುತ್ತಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ್ದ ಕ್ಲಾಸಿನಲ್ಲಿ ಸೀಮೆಸುಣ್ಣದ ವಾಸನೆ. ಕೋಣೆಯ ನಡುವೆ ಕಾಲಿರುವ ಕಪ್ಪು ಹಲಗೆ ಅಡ್ಡ ನಿಲ್ಲಿಸಿದ್ದರು. ಅದರ ಹಿಂದೆ ಯಾರೋ ಉಸಿರಾಡುವುದು ಕೇಳುತ್ತಿತ್ತು. ನನ್ನ ಚೀಲವನ್ನು ತಟ್ಟೆಯಲ್ಲಿಟ್ಟೆ. ಹಲಗೆಯ ಹಿಂದಿನಿಂದ ಒಂದು ಕೈ ಇನ್ನೊಂದು ಚೀಲವನ್ನು ನೂಕಿತು. ಬರೀ ಬೆರಳ ತುದಿ ಕಂಡಿತು. ಅವರ ತಟ್ಟೆ ಇಳಿಯಿತು. ನಾನು ಸೋತೆ.

ಆದರೆ ನಾನು ನೋಡುತ್ತಿದ್ದದ್ದು ಆ ಚೀಲದ ಗಂಟು. ಬಾಯಿ ಮಡಿಸಿ, ದಾರ ಎರಡು ಸುತ್ತು ಸುತ್ತಿ, ತುದಿಯನ್ನು ಮಡಿಕೆಯೊಳಗೇ ಅಡಗಿಸಿದ ಗಂಟು. ನನ್ನ ಚೀಲಕ್ಕೂ ಅದೇ ಗಂಟು ಹಾಕಿದ್ದೆ. ನಮ್ಮ ಪಾರ್ವತಕ್ಕ ಹೇಳಿಕೊಟ್ಟದ್ದು ಅದು. ಹೊಲಕ್ಕೆ ಬುತ್ತಿ ಒಯ್ಯುವಾಗ ಇರುವೆ ಹೋಗದ ಹಾಗೆ ಅಕ್ಕ ತಾನೇ ಕಂಡುಕೊಂಡದ್ದು. ನಮ್ಮಿಬ್ಬರನ್ನು ಬಿಟ್ಟು ಮೂರನೆಯವರು ಆ ಗಂಟು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಅಕ್ಕ ಸತ್ತು ಆಗಲೇ ವರ್ಷಗಳಾಗಿದ್ದವು.

ಅಕ್ಕನಿಗೆ ಮಕ್ಕಳಾಗಲಿಲ್ಲ. ಮದುವೆಯಾದ ಸ್ವಲ್ಪ ದಿನಕ್ಕೇ ಜ್ವರ ಬಂದು ಹೋದಳು. ನಾನಿನ್ನೂ ಲಂಗ ಹಾಕುತ್ತಿದ್ದಾಗ ನನ್ನ ಜಡೆ ಹೆಣೆಯುತ್ತಾ ಒಂದು ದಿನ, “ಗಿರಿ, ನಿಂಗೆ ಹೆಣ್ಣುಮಗು ಆದ್ರೆ ನಂಗೆ ಕೊಟ್ಬಿಡ್ತೀಯಾ?” ಎಂದು ಕೇಳಿದ್ದಳು. “ತಗೋ” ಎಂದಿದ್ದೆ. ಆಟದ ಮಾತು. ನಾವಿಬ್ಬರೂ ನಕ್ಕಿದ್ದೆವು.

ಅಂದು ಕ್ಲಾಸಿನಿಂದ ಮನೆಗೆ ಬರುವ ದಾರಿಯಲ್ಲಿ ಆ ನಗು ನೆನಪಾಗಿ, ಅಷ್ಟು ಬಿಸಿಲಿನಲ್ಲೂ ಸೆರಗು ಹೊದ್ದುಕೊಂಡೆ.

ಎರಡನೆಯ ಶನಿವಾರ ಚೀಲ ತುಂಬಿ ಒಯ್ದೆ, ಗೆದ್ದೆ. ಗೆದ್ದ ಮೇಲೆ ಬುದ್ಧಿ ಬಂದು, ಸ್ವಲ್ಪ ಉಳಿಸೋಣ, ಪಾತ್ರೆಯಾದರೂ ಆಗುತ್ತದೆ ಎಂದು ಮೂರನೆಯ ವಾರ ಕಡಿಮೆ ಹಾಕಿದೆ. ಎದುರಿನ ಚೀಲ ಅಂದು ದಪ್ಪಗೆ ಬಂದು ಕೂತಿತು. ನಾನು ಹೋದ ವಾರ ಹೇಗೆ ತುಂಬಿದ್ದೆನೋ ಹಾಗೆ, ಅದೇ ಗಂಟು. ನಾನು ಕೈ ಬಿಗಿಹಿಡಿದೆನೆಂದು ಅವಳಿಗೆ ಯಾರು ಹೇಳಿದರು? ಸಿಟ್ಟಿನಲ್ಲಿ ಮುಂದಿನ ವಾರ ಸುರಿದರೆ ಅವಳದು ಹಗುರ; ನಾನು ದಂಡವಾಗಿ ಸುರಿದಂತಾಗಿತ್ತು. ನನ್ನ ಮನಸ್ಸಿನಲ್ಲಿ ಆದದ್ದೆಲ್ಲ ಒಂದು ವಾರ ತಡವಾಗಿ ಆ ಹಲಗೆಯ ಹಿಂದೆ ಆಗುತ್ತಿತ್ತು. ಕನ್ನಡಿಯಲ್ಲಿ ಮುಖ ನೋಡಿಕೊಂಡು ತಿರುಗಿದ ಮೇಲೂ ಕನ್ನಡಿಯೊಳಗಿನವಳು ಹಾಗೇ ನಿಂತಿದ್ದರೆ ಹೇಗಿರುತ್ತದೆ, ಹಾಗೆ.

ಕಾಲನಿಯೂ ಕೆಟ್ಟುಹೋಯಿತು. ನೀರಿಗೆ ಪಂಪಿನ ಹತ್ತಿರ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲು ನಿಂತಿರುತ್ತಿದ್ದವು. ಕೊಡದವರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೊಸರಿಗೆ ಹೆಪ್ಪು ಕೇಳಿದರೆ ಇಲ್ಲ ಅನ್ನುತ್ತಿದ್ದರು. ಪಕ್ಕದ ಮನೆಯ ವಳ್ಳಿ, ಶೋಭಾ ಹುಟ್ಟಿದಾಗ ನನಗೆ ಬಾಣಂತಿ ನೀರು ಹಾಕಿದವಳು, ಅವಳೂ ಬದಲಾದಳು. ವಳ್ಳಿ ಆಡುತ್ತಿದ್ದದ್ದು ತಮಿಳು. ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತೇನೆ.

“ಏನು ವಳ್ಳಿ, ಮುಖ ಆ ಕಡೆ?” ಎಂದೆ ಒಂದು ಬೆಳಿಗ್ಗೆ.

“ಮುಖ ನನ್ನದು. ಬೇಕಾದ ಕಡೆ ಇಟ್ಕೋತೀನಿ.”

“ನಾನೇನು ಮಾಡಿದೆ?”

“ಏನೂ ಗೊತ್ತಿಲ್ಲದ ಪಾಪು ನೀನು. ಹಲಗೆ ಹಿಂದೆ ಕೂತು ಉಸಿರು ಬಿಡೋದು ಯಾರು ಅಂತ ನಂಗೆ ತಿಳಿಯಲ್ಲ ಅಂದ್ಕೊಂಡಿಯಾ? ನಿನ್ನ ಮೂಗು ಗೊರಗೊರ ಅನ್ನೋದು ಗೋಡೆ ದಾಟಿ ಕೇಳುತ್ತೆ. ಹೋಗೇ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ. ವಳ್ಳಿಯೆದುರು ನಾನು ಕೂತಿರಲಿಲ್ಲ. ಹಾಗಾದರೆ ನನ್ನೆದುರು ಕೂತವಳು ವಳ್ಳಿಯೂ ಅಲ್ಲ.

ಶೋಭಾ ನನ್ನ ಬೀಜಗಳಲ್ಲಿ ಒಂದನ್ನು ತೆಗೆದು ಕಲ್ಲಿಗೆ ಉಜ್ಜಿ ಉಜ್ಜಿ, ಒಂದು ಕಡೆ ಬೆಳ್ಳಗೆ ಮಾಡಿದ್ದಳು, ಚೌಕಾಬಾರದ ದಾಯಕ್ಕೆ. ಅದರ ಮೇಲೆ ಅವರಪ್ಪ ಕಾರ್ಖಾನೆಯ ಬಣ್ಣದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟುಕೊಟ್ಟಿದ್ದರು. ಆ ಬೀಜ ಕಳೆದುಹೋಯಿತು. ಮಗು ಅಳು ನಿಲ್ಲಿಸಲಿಲ್ಲ; ನಾನು ಒಲೆ ಮೂಲೆಯಿಂದ ಹಾಸಿಗೆವರೆಗೆ ಹುಡುಕಿದೆ. ಸಿಗಲಿಲ್ಲ.

ಕೊನೆಯ ವಾರಕ್ಕೆ ಮುಂಚಿನ ಶನಿವಾರ. ಎದುರಿನ ಚೀಲವನ್ನು ಆ ಕೈ ಸ್ವಲ್ಪ ಜೋರಾಗಿ ನೂಕಿತು. ಚೀಲ ತಟ್ಟೆಯಿಂದ ಜಾರಿ ಬಿದ್ದು ಬಾಯಿ ಬಿಟ್ಟುಕೊಂಡಿತು. ಬೀಜಗಳು ನೆಲದ ಮೇಲೆ ಹರಿದಾಡಿದವು. ಒಂದು ನನ್ನ ಕಾಲಿನ ಹತ್ತಿರ ಬಂದು, ಸುತ್ತಿ, ಬೆಳ್ಳಗಿನ ಮುಖ ಮೇಲೆ ಮಾಡಿ ನಿಂತಿತು. ಕೆಂಪು ಚುಕ್ಕೆ.

ವಸಂತಾ ಬಗ್ಗಿ ಎಲ್ಲ ಬಾಚಿದಳು. ನನ್ನ ಮಗಳ ಕೈಯ ಬೀಜ ಹಲಗೆಯ ಹಿಂದಿನವಳ ಕೈಗೆ ಹೋದದ್ದು ಹೇಗೆ? ನನಗೆ ಹೊಳೆದದ್ದು ಒಂದೇ. ಅವಳು ಮನೆಗೆ ಬಂದು ಹೋಗುತ್ತಿದ್ದಾಳೆ. ನಾನು ಮಿಷನ್ನಿಗೆ ಆಡುತ್ತಿದ್ದೇನೆ, ಅವಳು ಮಗುವಿಗೆ ಆಡುತ್ತಿದ್ದಾಳೆ. ನಾನು ಸೋತರೆ ಶೋಭಾಳನ್ನು ಅತ್ತೆ ಕರೆದುಕೊಂಡು ಹೋಗುವುದು ಮೇಲಿನ ಮಾತು; ನಿಜವಾಗಿ ಕೈಹಿಡಿದು ಕರೆದೊಯ್ಯುವವಳು ಬೇರೆ.

ಆ ವಾರ ಮಗುವನ್ನು ಕಣ್ಣಿಂದ ಮರೆಯಾಗಲು ಬಿಡಲಿಲ್ಲ. ಪಂಪಿಗೂ ಸೊಂಟದ ಮೇಲೆ ಹೊತ್ತು ಹೋದೆ. “ಇಷ್ಟು ದೊಡ್ಡವಳನ್ನ ಎತ್ಕೊಂಡು ಓಡಾಡ್ತೀಯಲ್ಲ” ಎಂದು ಯಜಮಾನರು ಬೈದರು. “ಇನ್ನೆಷ್ಟು ದಿನ ಇರ್ತಾಳೆ ಬಿಡಿ” ಎಂದೆ.

ಶುಕ್ರವಾರ ಚೀಲ ತುಂಬಲು ಕೂತೆ. ಬೀಜದ ಡಬ್ಬಿಯಲ್ಲಿದ್ದದ್ದೆಲ್ಲ ಹಾಕಿದರೂ ಗೆಲ್ಲುವೆನೋ ಇಲ್ಲವೋ. ನಮ್ಮ ಮನೆಯಲ್ಲಿ ಕಾಳಿನ ಡಬ್ಬಿಯನ್ನು ಪೂರ್ತಿ ಬರಿದು ಮಾಡುವ ಪದ್ಧತಿಯಿಲ್ಲ. ತಳದಲ್ಲಿ ಒಂದು ಹಿಡಿ ಬಿಡಲೇಬೇಕು. ತಳ ಕಂಡರೆ ಮನೆಯಿಂದ ಒಬ್ಬರು ಹೊರಡುತ್ತಾರೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಅಕ್ಕ ಜ್ವರಕ್ಕೆ ಮಲಗುವ ಹಿಂದಿನ ದಿನ ರಾಗಿಯ ಮಡಕೆ ಬರಿದಾಗಿತ್ತು ಎಂದೂ ಹೇಳುತ್ತಿದ್ದಳು. ಅದಕ್ಕೇ ಅಷ್ಟು ವಾರವೂ ಒಂದು ಹಿಡಿ ಬಿಟ್ಟೇ ತುಂಬಿದ್ದೆ. ಈಗ ಬಿಟ್ಟರೆ ಸೋಲು, ಬಿಡದಿದ್ದರೆ ಅಮ್ಮನ ಮಾತು. ಎರಡು ಕಡೆಯೂ ಮಗುವೇ ಹೋಗುವುದು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಕೊನೆಗೆ ಡಬ್ಬಿಯನ್ನು ಬೋರಲು ಹಾಕಿ ತಟ್ಟಿದೆ.

ಮಾರನೆಯ ದಿನ ಚೀಲ ತಟ್ಟೆಯಲ್ಲಿಟ್ಟಾಗ ಹಲಗೆಯ ಹಿಂದಿನ ಉಸಿರು ನಿಂತಂತಾಯಿತು. ನಾನು ತಡೆಯಲಾರದೆ ಮಾತಾಡಿದೆ.

“ಅಕ್ಕಾ, ಅವತ್ತು ನಾನು ಚಿಕ್ಕವಳು. ಏನೋ ಅಂದೆ. ಮಗು ನನ್ನದು ಕಣೇ.”

ಆ ಕೈ ಎದುರಿನ ಚೀಲ ನೂಕಿತು. ತಟ್ಟೆ ಇಳಿಯಿತು. ನನ್ನದು.

ವಸಂತಾ ಎದ್ದು ಬಂದಳು. “ಯಾರ ಹತ್ರ ಮಾತಾಡ್ತಿದ್ದೀರಿ ಗಿರಿಜಮ್ಮ?” ಎಂದು ಕಪ್ಪು ಹಲಗೆಯನ್ನೇ ಪಕ್ಕಕ್ಕೆ ಎಳೆದಳು. ಹಿಂದೆ ಶಾಲೆಯ ಆಯಾ ಅಂಜಲೈ ಸ್ಟೂಲಿನ ಮೇಲೆ ಕೂತು, ಗೋಡೆಗೆ ಒರಗಿ, ಬಾಯಿ ತೆರೆದುಕೊಂಡು ಅರೆನಿದ್ದೆಯಲ್ಲಿದ್ದಳು.

“ಇವರು ಬರೀ ಚೀಲ ನೂಕೋರು. ಎದುರಿಗೆ ಯಾರೂ ಇಲ್ಲ. ನೀವು ಹೋದ ವಾರ ತಂದ ಚೀಲವನ್ನ ಬಿಚ್ಚದೆ ಹಾಗೇ ಇಟ್ಟು, ಈ ವಾರ ನಿಮ್ಮ ಎದುರಿಗೇ ಇಡ್ತಿದ್ದೆ. ಎಲ್ಲರಿಗೂ ಹೀಗೇ ಮಾಡಿದ್ದು. ಇಷ್ಟು ವಾರ ನೀವು ಆಡಿದ್ದು ನಿಮ್ಮ ಜೊತೇನೇ.”

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ನನ್ನ ಚೀಲ, ನನ್ನ ಗಂಟು. ನಾನೇ ಕಾಣದೆ ಚೀಲಕ್ಕೆ ಸೇರಿಸಿ ಕಟ್ಟಿದ್ದ ಶೋಭಾಳ ಬೀಜ. ನನ್ನ ಸಿಟ್ಟು, ನನ್ನ ಜಿಪುಣತನ, ಒಂದು ವಾರದ ಹಳೆಯದು. ಕುರ್ಚಿಯಲ್ಲಿ ಕುಸಿದು ಕೂತು ನಕ್ಕೆ. ನಗುವಾಗ ಒಂದು ಮಾತು ನೆನಪಾಯಿತು.

“ಮೊದಲ್ನೇ ವಾರ? ಆಗ ನನ್ನ ಹಳೇ ಚೀಲ ಎಲ್ಲಿತ್ತು?”

“ಆವತ್ತಿಂದು ಮಾತ್ರ ನಾನು ತುಂಬಿದ್ದು. ಎಲ್ಲರಿಗೂ ಒಂದೇ ಅಳತೆ.”

“ಗಂಟು ಹಾಕಿದ್ದು?”

“ನಾನೇ. ಸುಮ್ಮನೆ ಎರಡು ಗಂಟು, ಬಿಗಿಯಾಗಿ.”

ಅವಳ ಕೈಗೆ ಒಂದು ಖಾಲಿ ಚೀಲ ಕೊಟ್ಟು ಕಟ್ಟಿ ತೋರಿಸು ಎಂದೆ. ಕಟ್ಟಿದಳು. ದಾರದ ಎರಡು ತುದಿಯೂ ಮೊಲದ ಕಿವಿಯಂತೆ ಹೊರಗೆ ನಿಂತಿದ್ದವು.

ಮಿಷನ್ನು ವಳ್ಳಿಗೆ ಹೋಯಿತು. ನನ್ನ ಮೇಲಿನ ಸಿಟ್ಟಿಗೆ ಅವಳು ವಾರವಾರವೂ ಹಿಂದಿನದಕ್ಕಿಂತ ಹೆಚ್ಚು ಸುರಿದಿದ್ದಳಂತೆ. ಹಾಗಾಗಿ ತನ್ನನ್ನು ತಾನೇ ಒಂದು ಸಲವೂ ಬಿಡದೆ ಸೋಲಿಸಿದ್ದಳು. ನನಗೆ ಮಿಷನ್ನೂ ಇಲ್ಲ, ಬರಿದಾದ ಡಬ್ಬಿಗೆ ಪಾತ್ರೆಯೂ ಇಲ್ಲ. ಅತ್ತೆ ಮಾರನೆಯ ದಿನವೇ ಬರುವವರಿದ್ದರು. ಮನೆಗೆ ಬಂದು ಶೋಭಾಳ ಬಟ್ಟೆಗಳನ್ನು ಮಡಿಸತೊಡಗಿದೆ. ಒಂದು ಲಂಗ ಮಡಿಸುತ್ತೇನೆ, ಬಿಚ್ಚುತ್ತೇನೆ, ಮತ್ತೆ ಮಡಿಸುತ್ತೇನೆ.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ದಡಬಡ ಸದ್ದು. ವಳ್ಳಿ, ಅವಳ ಗಂಡ, ನಡುವೆ ಮಿಷನ್ನು.

“ಎಲ್ಲಿ ಇಡಲಿ?” ಎಂದಳು ವಳ್ಳಿ, ನನ್ನ ಮುಖ ನೋಡದೆ.

“ನಿನ್ನದನ್ನ ನನ್ನ ಮನೇಲಿ ಯಾಕೆ?”

“ನಂಗೆ ಸೂಜಿಗೆ ದಾರ ಹಾಕೋಕೂ ಬರಲ್ಲ. ಊರೆಲ್ಲ ಸುತ್ತಿ ಬಟ್ಟೆ ತರೋದು ನಾನು, ಹೊಲಿಯೋದು ನೀನು. ಬಂದಿದ್ದು ಅರ್ಧ ಅರ್ಧ. ಇಲ್ಲ ಅನ್ನಬೇಡ, ಇವರ ಕೈ ನೋಯ್ತಿದೆ.” ಆಮೇಲೆ ಸಣ್ಣ ದನಿಯಲ್ಲಿ, “ಗೊರಗೊರ ಅಂತಿದ್ದದ್ದು ಅಂಜಲೈಯಂತೆ” ಎಂದಳು.

“ನನ್ನ ಮೂಗಿಗೆ ಬಂದಿದ್ದ ಕೆಟ್ಟ ಹೆಸರು ಹೋಯ್ತಲ್ಲ” ಎಂದೆ. ಇಬ್ಬರೂ ಹೊಸ್ತಿಲ ಮೇಲೆ ಕೂತು ನಕ್ಕು ಕಣ್ಣೊರೆಸಿಕೊಂಡೆವು. ಯಜಮಾನರು ಹಾಸಿಗೆ ಸುರುಳಿ ಸರಿಸಿ ಮಿಷನ್ನಿಗೆ ಜಾಗ ಮಾಡಿದರು. ಕೋಣೆ ಅರ್ಧವಾಯಿತು.

ಅತ್ತೆ ಬಂದಾಗ ನಾನು ಮಿಷನ್ನಿನ ಮುಂದೆ ಕೂತು ಒಂದು ಹಳೆಯ ಟವೆಲ್ಲಿನ ಮೇಲೆ ಹೊಲಿಗೆ ಓಡಿಸುತ್ತಿದ್ದೆ.

“ಮಗೀನ ಬಟ್ಟೆ ಯಾಕ್ ಕಟ್ಟಿಲ್ಲ?” ಎಂದರು ನಿಂತಲ್ಲೇ.

ನನಗೆ ಎದುರು ಮಾತಾಡಿ ಗೊತ್ತಿರಲಿಲ್ಲ. “ಅವಳು ಬರಲ್ಲ ಅತ್ತೆ. ಇಲ್ಲೇ ಶಾಲೆಗೆ ಹೋಗ್ತಾಳೆ” ಎಂದೆ. ಕಾಲು ತಾನಾಗಿ ಮಿಷನ್ನು ತುಳಿಯುತ್ತಲೇ ಇತ್ತು.

ಅತ್ತೆ ಮಗನನ್ನು ನೋಡಿದರು. ಯಜಮಾನರು ಗೋಡೆ ನೋಡಿದರು. ಅತ್ತೆ ಕೈಚೀಲ ಇಳಿಸಿ, ಚೀಲದೊಳಗಿಂದ ಒಂದು ಹೊಸ ರವಿಕೆ ಕಣ ತೆಗೆದು ನನ್ನ ಮಡಿಲಿಗೆ ಹಾಕಿದರು. “ಹಂಗಾದ್ರೆ ನಂಗೊಂದು ಕುಪ್ಪಸ ಹೊಲಿ, ನೋಡಾಣ. ತೋಳು ಬಿಗಿಯಾದ್ರೆ ಮಗೀನ ಕರ್ಕೊಂಡೇ ಹೋಗ್ತೀನಿ.”

ಆ ಕುಪ್ಪಸದ ತೋಳನ್ನು ಎಷ್ಟು ಸಡಿಲ ಇಟ್ಟೆನೆಂದರೆ, ಅತ್ತೆ ಸಾಯುವವರೆಗೂ ಅದನ್ನು ತೋರಿಸಿ, ಇದರೊಳಗೆ ಇನ್ನೊಬ್ಬಳು ಕೂರಬಹುದು ಎಂದು ನಗುತ್ತಿದ್ದರು. ನಾಲ್ಕು ದಿನ ಇದ್ದು, ಒಬ್ಬರೇ ಊರಿಗೆ ಹೋದರು.

ಅತ್ತೆ ಹೋದ ಮಧ್ಯಾಹ್ನ ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಶೋಭಾ ಬಾಗಿಲ ಬಳಿ ಹರಡಿಕೊಂಡು ಕೂತಿದ್ದಳು. ನಾನು ಹೊಲಿಯುತ್ತಾ ನೋಡುತ್ತಿದ್ದೆ. ಎರಡು ಗುಡ್ಡೆ ಮಾಡುತ್ತಿದ್ದಳು. ತನಗೊಂದು ಚೂರು, ಅತ್ತ ಒಂದು ಚೂರು. ಒಂದು ಹಸಿರು ಚೂರು ಮಾತ್ರ ಉಳಿಯಿತು. ಅದನ್ನು ಕೈಯಲ್ಲಿ ಹಿಡಿದು, ಯಾರೂ ಇಲ್ಲದ ಆ ಕಡೆಗೆ ಮುಖವೆತ್ತಿ, ಏನೋ ಕೇಳಿಸಿಕೊಂಡವಳಂತೆ ಸ್ವಲ್ಪ ಹೊತ್ತು ಕಾದಳು. “ಸರಿ, ನೀನೇ ಇಟ್ಕೋ” ಎಂದು ಆ ಗುಡ್ಡೆಗೆ ಹಾಕಿದಳು.

ಯಾರಿಗೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೇನೋ. ಬಟ್ಟೆ ಇನ್ನೂ ಇತ್ತು. ಇನ್ನೊಂದು ಹಸಿರು ಚೂರು ಕತ್ತರಿಸಿ, ಅದನ್ನು ನನ್ನ ಮಗಳ ಗುಡ್ಡೆಗೆ ಹಾಕಿ, ಮತ್ತೆ ಮಿಷನ್ನು ತುಳಿದೆ.